ಮುಟ್ಟದ ಎಡಗಣ್ಣು

ವೇಮಗಲ್ಲಿನ ಒಂದು ಔಷಧಿ ಕಂಪನಿಯಲ್ಲಿ ಮುನಿಲಕ್ಷ್ಮಿಯದು ಇಲಿಮನೆಯ ಕೆಲಸ. ಪೆಟ್ಟಿಗೆಗಳ ಹೊಟ್ಟು ಬದಲಿಸಬೇಕು, ನೀರಿಡಬೇಕು, ಪ್ರಯೋಗ ಮಾಡುವ ಮೇಘನ ಮೇಡಂ ಬಂದಾಗ ಇಲಿ ಹಿಡಿದು ಕೊಡಬೇಕು. ಮೇಡಂ ಪ್ರತಿ ಇಲಿಯ ಬಲಗಣ್ಣಿನೊಳಗೆ ಪುಡಿಯಂಥ ಮಣಿಗಳನ್ನು ಸೇರಿಸಿ ಕಣ್ಣಿನ ಒತ್ತಡ ಏರಿಸುತ್ತಾರೆ. ಆಮೇಲೆ ಅದೇ ಕಣ್ಣಿಗೆ ಮದ್ದು ಹಾಕಿ, ನರ ಎಷ್ಟು ಉಳಿಯಿತೆಂದು ನೋಡುತ್ತಾರೆ. ಎಡಗಣ್ಣು ಹೋಲಿಸಿ ನೋಡುವುದಕ್ಕೆ. ಅದನ್ನು ಯಾರೂ ಮುಟ್ಟುವಂತಿಲ್ಲ.

ಮನೆಯಲ್ಲಿ ತಾಯಿ ಆದಿಲಕ್ಷ್ಮಮ್ಮನಿಗೂ ಕಣ್ಣಿನ ಒತ್ತಡದ್ದೇ ರೋಗ, ಗ್ಲಾಕೋಮಾ. ಬಲಗಣ್ಣು ಹೋದ ಮೇಲೆ ಗೊತ್ತಾಯಿತು. ಕೋಲಾರದ ಡಾಕ್ಟರು ಎರಡೂ ಕಣ್ಣಿಗೆ ಹನಿ ಬರೆದುಕೊಟ್ಟರು.

"ಈ ಕಣ್ಣಿಗೂ ಹಾಕು ಅಂದ್ರಲ್ಲೇ," ಎಂದಳು ತಾಯಿ, ಎಡಗಣ್ಣು ತೋರಿಸಿ.

"ಚೆನ್ನಾಗಿರೋ ಕಣ್ಣು ಮುಟ್ಟಬಾರ್ದು ಕಣಮ್ಮ. ದಿನಾ ಅದೇ ಕೆಲ್ಸ ನೋಡ್ತೀನಿ, ನಂಗೊತ್ತಿಲ್ವಾ?"

"ಸರಿ ಬಿಡಮ್ಮ, ಇಲಿ ಡಾಕ್ಟರಮ್ಮ."

ಮಾವು ಹೂ ಬಿಟ್ಟಾಗಿನಿಂದ ಕಾಯಿ ಕೀಳುವವರೆಗೂ ಬಲಗಣ್ಣಿಗೆ ಮಾತ್ರ ಹನಿ ಬಿತ್ತು. ಒಂದು ಮಧ್ಯಾಹ್ನ ಆದಿಲಕ್ಷ್ಮಮ್ಮ ಮುದ್ದೆಗೆ ಹಾಕಬೇಕಾದ ಸಾರನ್ನು ತಟ್ಟೆಯ ಹೊರಗೆ ಸುರಿದಳು. ಸುರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಮರುದಿನ ಡಾಕ್ಟರು ಎಡಗಣ್ಣು ಪರೀಕ್ಷೆ ಮಾಡಿದರು. "ಸುತ್ತಲ ನೋಟ ಹೋಗಿದೆ, ನಡುವಿನದು ಮಾತ್ರ ಉಳಿದಿದೆ. ಹೋಗಿದ್ದು ವಾಪಸ್ ಬರಲ್ಲ. ಇದಕ್ಕೂ ರೋಗ ಇತ್ತಲ್ಲ, ಇದನ್ನ ಉಳಿಸ್ಕೊಳ್ಳೋಕೇ ಹನಿ ಕೊಟ್ಟಿದ್ದು. ಹಾಕ್ತಿರ್ಲಿಲ್ವಾ?"

ಕೇಳಿದ್ದು ಮುನಿಲಕ್ಷ್ಮಿಯನ್ನು.

"ನಾನೇ ಬೇಡ ಅಂದೆ ಡಾಕ್ಟ್ರೇ, ಉರೀತದೆ ಅಂತ," ಎಂದಳು ಆದಿಲಕ್ಷ್ಮಮ್ಮ. "ಇವ್ಳು ದಿನಾ ಬಯ್ತಿದ್ಲು."

ಡಾಕ್ಟರು ಮುದುಕಿಗೆ ಚೆನ್ನಾಗಿ ಬೈದು ಕಳಿಸಿದರು.

ಬಸ್‌ಸ್ಟ್ಯಾಂಡಿನಲ್ಲಿ ಜನ ಬಂದರು, ಹೋದರು. ಶ್ರೀನಿವಾಸಪುರದ ಬಸ್ಸೊಂದು ಕೂಗಿಕೊಂಡು ಹೊರಟಿತು. ಮುನಿಲಕ್ಷ್ಮಿಗೆ ಎಲ್ಲವೂ ಗಾಜಿನಾಚೆ ನಡೆದಂತಿತ್ತು. ತಾಯಿಯ ಕಡೆ ತಿರುಗಿ ಕೇಳಿದಳು:

"ಯಾಕಮ್ಮ ಸುಳ್ಳು ಹೇಳ್ದೆ?"

"ನಿನ್ನ ಬೈದಿದ್ರೆ ನಾಳೆಯಿಂದ ನೀನು ನನ್ನ ಕಣ್ಣು ಮುಟ್ಟೋಕೇ ಹೆದರ್ತಿದ್ದೆ. ಆಮೇಲೆ ಹನಿ ಯಾರು ಹಾಕ್ತಾರೆ, ನಿಮ್ಮಪ್ಪ ಮೇಲಿಂದ ಇಳಿದು ಬರ್ತಾನಾ? ಪೋನೀಲೇ, ಬಿಡು. ಎಲ್ಲಿ ಸೀಸೆ?"

ಮುನಿಲಕ್ಷ್ಮಿಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಬ್ಯಾಗಿನಿಂದ ಸೀಸೆ ತೆಗೆದು ಮುಚ್ಚಳ ತಿರುಗಿಸಿದಳು. ಆದಿಲಕ್ಷ್ಮಮ್ಮ ಅಷ್ಟು ಜನರ ನಡುವೆಯೇ ಕಲ್ಲುಬೆಂಚಿಗೆ ಒರಗಿ, ತಲೆ ಹಿಂದಕ್ಕೆ ವಾಲಿಸಿ, ಎಡಗಣ್ಣಿನ ಕೆಳರೆಪ್ಪೆಯನ್ನು ತಾನೇ ಎಳೆದು ಹಿಡಿದಳು.