ಬೀರುವಿನ ಹಿಂದಿನ ಹಸಿರು ದೀಪ

ತೆರೆದ ಲ್ಯಾಪ್‌ಟಾಪನ್ನು ಊಟದ ತಟ್ಟೆಯಂತೆ ಅಂಗೈ ಮೇಲಿಟ್ಟುಕೊಂಡು ವೈರಣ್ಣ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ನಿಂತು ನಡೆಯುತ್ತಿದ್ದ. ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವವನು ಅವನೇ. ಸದಾ ವೈರುಗಳ ಸಹವಾಸವೆಂದು ನರ್ಸುಗಳು ಇಟ್ಟ ಹೆಸರದು. ಬೆಳಗಿನಿಂದ ಪರದೆಯ ಮೇಲೆ ತಾನು ಹಾಕದ ವೈಫೈ ಒಂದು ಕಾಣುತ್ತಿತ್ತು. ಸಿಗ್ನಲ್ ಏರಿದತ್ತ ನಡೆದ, ಇಳಿದರೆ ಹಿಂದಕ್ಕೆ ಬಂದ. ವೃದ್ಧರ ವಾರ್ಡಿನ ಹೊದಿಕೆ ಬೀರುವಿನ ಮುಂದೆ ಸಿಗ್ನಲ್ಲಿನ ಗೆರೆ ತುದಿ ಮುಟ್ಟಿತು. ಬೀರು ಸರಿಸಿದರೆ, ಗೋಡೆಯ ನೆಟ್‌ವರ್ಕ್ ಸಾಕೆಟ್ಟಿಗೆ ಸಿಕ್ಕಿಸಿದ, ವೈಫೈ ಹರಡುವ ಪುಟ್ಟ ರೂಟರ್ ಹಸಿರು ದೀಪ ಮಿಟುಕಿಸುತ್ತಾ ಕೂತಿದೆ! ಧೂಳು ಕೂರದಿರಲೆಂದು ಅದಕ್ಕೊಂದು ಉಲ್ಲನ್ ಟೋಪಿ ಬೇರೆ.

"ಮುಟ್ಬೇಡ ಕಣಪ್ಪಾ!" ಎಂದು ಓಡಿ ಬಂದವಳು ವಾರ್ಡಿನ ಹಿರಿಯ ನರ್ಸ್, ಎಲ್ಲರ ದೊಡ್ಡಕ್ಕ.

"ಇದು ನಿಮ್ದಾ ಅಕ್ಕಾ? ಪಾಸ್‌ವರ್ಡೂ ಇಲ್ವಲ್ಲ!"

"ನಮ್ಮ ಅಜ್ಜ ಅಜ್ಜಿಯರು ಕನ್ನಡಕ ಹುಡುಕೋದ್ರಲ್ಲೇ ಸುಸ್ತು. ಪಾಸ್‌ವರ್ಡ್ ಎಲ್ಲಿ ಒತ್ತಾರೆ? ಈ ದಪ್ಪ ಗೋಡೆಯೊಳಗೆ ಫೋನ್ ಸಿಗ್ನಲ್ ಬರಲ್ಲ. ಮೂಲೆ ಹಾಸಿಗೆ ಅಜ್ಜಿ ಫೋನಲ್ಲಿ ಮಗಳ ಮುಖ ನೋಡದೆ ತುತ್ತು ಮುಟ್ಟಲ್ಲ. ವೈಫೈ ಕೊಡಿ ಅಂತ ನಿಮ್ಮ ಆಫೀಸಿಗೆ ಅಲೆದು ಅಲೆದು ನನ್ನ ಚಪ್ಪಲಿ ಸವೀತು. 'ನೋಡೋಣ' ಅಂದೋನು ನೀನೇ ತಾನೆ?"

'ನೋಡೋಣ' ಅಂದು ಮರೆತವನು ವೈರಣ್ಣನೇ. ಆದರೂ, "ಸ್ವಲ್ಪ ಹೊರಗೆ ಬನ್ನಿ" ಎಂದು ಕರೆದೊಯ್ದ.

ಕಾಂಪೌಂಡಿನಾಚೆ, ವಾರ್ಡಿನ ತೆರೆದ ಕಿಟಕಿಗೆ ಎದುರಾಗಿ, ಬಸ್ಸಿಗೆ ಕಾಯುವವರ ಬೆಂಚಿನ ಮೇಲೆ ಕೂತು ಲ್ಯಾಪ್‌ಟಾಪನ್ನು ಅದೇ ವೈಫೈಗೆ ಸೇರಿಸಿದ. ಪಾಸ್‌ವರ್ಡ್ ಇರಲಿ, ನೀನ್ಯಾರೆಂದೂ ಅದು ಕೇಳಲಿಲ್ಲ. ವಾರ್ಡಿನ ಫೈಲುಗಳೆಲ್ಲ ಸಾಲಾಗಿ ತೆರೆದುಕೊಂಡವು. ದೊಡ್ಡಕ್ಕ ನಂಬಲಾರದೆ ಒಂದನ್ನು ಒತ್ತಿದಳು. ಮೂಲೆ ಹಾಸಿಗೆಯ ಅಜ್ಜಿಯ ರಿಪೋರ್ಟು.

ಪಕ್ಕದಲ್ಲಿದ್ದ ಅಪರಿಚಿತ ಹೆಂಗಸು ಇಣುಕಿ, "ಅಯ್ಯೋ ಪಾಪ, ಕ್ಯಾನ್ಸರಾ? ಯಾರಿಗೆ?" ಎಂದಳು.

ವೈರಣ್ಣ ಥಟ್ಟನೆ ಮುಚ್ಚಿದ. ದೊಡ್ಡಕ್ಕನ ಮುಖ ಬಿಳಿಚಿಕೊಂಡಿತ್ತು. ಗೇಟಿನ ಒಳಗೆ ಬಂದ ಮೇಲೆ, "ಮಗಳಿಗೂ ಹೇಳ್ಬೇಡ, ಸಮಯ ನೋಡಿ ನಾನೇ ಹೇಳ್ತೀನಿ ಅಂತ ಅಜ್ಜಿ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ಲು ಕಣೋ. ನಾನು ಬೀದಿಗೇ ಹಾಕ್ಬಿಟ್ನಲ್ಲ!" ಎಂದು ಕಣ್ಣೊರೆಸಿಕೊಂಡಳು.

"ನೀವೊಬ್ರೇ ಅಲ್ಲ ಅಕ್ಕಾ. ಕೇಳಿದಾಗಲೇ ನಾನು ಕೊಟ್ಟಿದ್ರೆ ಇದು ಯಾಕೆ ಬರ್ತಿತ್ತು?" ಎಂದ ವೈರಣ್ಣ. ಅವಳ ಮೇಲೆ ಅವನಿಗೆ ಕೋಪ ಬರಲೇ ಇಲ್ಲ.

ರೂಟರನ್ನು ದೊಡ್ಡಕ್ಕ ತನ್ನ ಕೈಯಾರೆ ಕಿತ್ತಳು. ವೈರಣ್ಣ ವಾರ್ಡಿನ ಫೋನಿನಿಂದಲೇ ಮೇಲಧಿಕಾರಿಗೆ ಹೇಳಿದ: "ಕಳ್ಳ ವೈಫೈ ಸಿಕ್ತು ಸಾರ್. ತಪ್ಪಲ್ಲಿ ನನ್ನ ಪಾಲೂ ಇದೆ. ರೋಗಿಗಳಿಗೆ ಅಂತಲೇ ಬೇರೆ ವೈಫೈ ಇವತ್ತೇ ಹಾಕ್ತೀನಿ. ಅದರಿಂದ ನಮ್ಮ ಫೈಲುಗಳಿಗೆ ದಾರಿ ಇರಲ್ಲ."

"ಮಗಳು ಫೋನ್ ಮಾಡೋ ಹೊತ್ತಾಯ್ತಲ್ಲ?" ಮೂಲೆಯಿಂದ ಅಜ್ಜಿಯ ದನಿ ಬಂತು.

"ಬನ್ನಿ ಅಜ್ಜೀ, ಇವತ್ತೊಂದಿನ ಸವಾರಿ ಹೋಗೋಣ" ಎಂದು ವೈರಣ್ಣ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಸಿಗ್ನಲ್ ಸಿಗುವ ಗೇಟಿನ ನೆರಳಿಗೆ ತಳ್ಳಿಕೊಂಡು ಹೋದ. ಅವನು ಹಿಡಿದ ಫೋನಿನ ಪರದೆಯಲ್ಲಿ ಮಗಳು ಮೂಡಿದಳು. ಅಜ್ಜಿ ಅವಳನ್ನು ಕಣ್ತುಂಬ ನೋಡಿ, "ಮಗಳೇ, ನಿಂಗೊಂದು ವಿಷಯ ಹೇಳ್ಬೇಕಿತ್ತು" ಎಂದಳು.

ವೈರಣ್ಣ ಫೋನನ್ನು ಅವಳ ಕೈಗಿಟ್ಟು, ಮಾತು ಕಿವಿಗೆ ಬೀಳದಷ್ಟು ದೂರ ಹೋಗಿ, ಬೆನ್ನು ತಿರುಗಿಸಿ ನಿಂತುಕೊಂಡ.