ಎರಡೂಮುಕ್ಕಾಲು ಫೂಟು

ಮೂರನೆಯ ರೊಟ್ಟಿಯೂ ಹರಿಯಿತು. ಗದ್ದೆಮ್ಮ ಅದನ್ನು ಮುದ್ದೆ ಮಾಡಿ ಪರಾತಕ್ಕೆ ಹಾಕಿ, ಒಂದು ಹಿಡಿ ಜೋಳದ ಹಿಟ್ಟು ಉದುರಿಸಿ ಮತ್ತೆ ನಾದತೊಡಗಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ದುರುಗಪ್ಪನಿಗೆ ಹೆಂಡತಿಯ ಬೆನ್ನು ಮಾತ್ರ ಕಾಣುತ್ತಿತ್ತು. ಹೆಗಲುಗಳು ಕಿವಿಯ ಹತ್ತಿರಕ್ಕೆ ಏರಿದ್ದವು, ಹಿಮ್ಮಡಿಗಳು ನೆಲ ಬಿಟ್ಟು ಎದ್ದಿದ್ದವು. ನಾಲ್ಕನೆಯದನ್ನು ಅರ್ಧ ಬಡಿದು ಅವಳು ಕೈ ನಿಲ್ಲಿಸಿದಳು.

“ನನ್ನ ರಟ್ಟ್ಯಾಗ ಕಸುವು ಉಳದಿಲ್ರಿ,” ಎಂದಳು, ಹಿಂದೆ ತಿರುಗದೆ.

“ಈಗಿನ್ನಾ ಎದ್ದೀಯಲ್ಲ. ಇನ್ನೊಂದು ತಿಂಗಳು ಹೋಗ್ಲಿ, ತಾನಾ ಬರ್ತೈತಿ.”

ಹೇಳಿದ ಮಾತನ್ನು ಅವನೇ ನಂಬಿರಲಿಲ್ಲ. ಕಳೆದ ಹದಿನೈದು ದಿನಗಳಿಂದ ದಿನಾ ಬೆಳಿಗ್ಗೆ ಇದೇ ನಡೆದಿತ್ತು. ಹಿಟ್ಟಿಗೆ ಎಸರು ಹಾಕುವುದು, ನಾದುವುದು, ಬಡಿಯುವುದು, ಹರಿಯುವುದು. ಕೊನೆಗೆ ಆ ಹಿಟ್ಟು ಮೂಲೆಮನೆಯ ಎಮ್ಮೆಗೆ ಹೋಗುತ್ತಿತ್ತು, ದುರುಗಪ್ಪ ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ರೊಟ್ಟಿ ಕಟ್ಟಿಸಿಕೊಂಡು ಬರುತ್ತಿದ್ದ. ಗದ್ದೆಮ್ಮ “ಚಲೋ ಅದಾವು” ಎಂದು ಹೇಳಿ ಅರ್ಧ ತಿಂದು ಅರ್ಧ ಬಿಡುತ್ತಿದ್ದಳು.

ಮಸ್ಕಿಯ ಗುಡ್ಡದ ಕೆಳಗಿನ ಆ ಓಣಿಯಲ್ಲಿ ಗದ್ದೆಮ್ಮನ ರೊಟ್ಟಿಯ ಹೆಸರು ದೊಡ್ಡದು. ಒಂದೇ ಸಲಕ್ಕೆ ಕುಳಿತು ನಲವತ್ತು ಬಡಿದು ಎದ್ದವಳು ಅವಳು. ಆದರೆ ಏಳುವಾಗ ಗೋಡೆ ಹಿಡಿಯುವುದು, ಆಮೇಲೆ ಗೋಡೆ ಹಿಡಿದರೂ ಏಳಲಾಗದೆ ಕೂಗಿ ಕರೆಯುವುದು ಎಂಟು ವರ್ಷಗಳಿಂದ ನಡೆದೇ ಇತ್ತು. ರಾಯಚೂರಿನ ದವಾಖಾನೆಯಲ್ಲಿ ಎರಡೂ ಮೊಣಕಾಲಿಗೆ ಆಪರೇಶನ್ ಆಗಬೇಕು, ಆಮೇಲೆ ಕುಕ್ಕರುಗಾಲಲ್ಲಿ ಕೂಡುವಂತಿಲ್ಲ, ಚಕ್ಕಳಮಕ್ಕಳ ಹಾಕುವಂತಿಲ್ಲ ಎಂದು ಡಾಕ್ಟರರು ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. “ಹಂಗಾದ್ರ ರೊಟ್ಟಿ ಎಲ್ಲಿ ಕುಂತು ಬಡೀಲ್ರಿ?” ಡಾಕ್ಟರರು ನಕ್ಕು “ನಿಂತು ಬಡಿಯಮ್ಮ” ಅಂದಿದ್ದರು. ಅವರು ನಗೆಯಾಡಿದ್ದನ್ನು ಇವಳು ಕರಾರು ಎಂದು ತಿಳಿದು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದ್ದಳು.

ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ದುರುಗಪ್ಪ ಅಡುಗೆ ಕಟ್ಟೆ ಕಟ್ಟಿಸಿದ. ಕಟ್ಟಿಸಿದ ಅನ್ನುವುದೇಕೆ, ತಾನೇ ಕಟ್ಟಿದ. ಮೂವತ್ತು ವರ್ಷದಿಂದ ಗೋಡೆ ಕಟ್ಟುವ ಗೌಂಡಿ ಅವನು. ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂದು ಊರೂರು ತಿರುಗಿ ಊರವರಿಗೆಲ್ಲ ಅಡುಗೆ ಕಟ್ಟೆ ಕಟ್ಟಿಕೊಟ್ಟವನ ಸ್ವಂತ ಮನೆಯಲ್ಲಿ ಗ್ಯಾಸಿನ ಒಲೆ ನೆಲದ ಮೇಲಿತ್ತು. ಆ ಅವಮಾನವನ್ನೂ ಸೇರಿಸಿ ತೊಳೆಯುವಂತೆ, ಮಗಳು ಮೇಘಾ ಅವ್ವನ ಹತ್ತಿರ ಉಳಿದ ಎಂಟು ದಿನಗಳಲ್ಲಿ ಕರಿ ಗ್ರಾನೈಟಿನ ಕಟ್ಟೆ ಎಬ್ಬಿಸಿದ. ಎತ್ತರ ಎರಡೂಮುಕ್ಕಾಲು ಫೂಟು. ಉಸ್ತಾದ್ ಬುಡ್ಡೇಸಾಬ್ ಕೈಹಿಡಿದು ಕಲಿಸಿದ ಅಳತೆ ಅದು. “ಅಡಗಿ ಕಟ್ಟಿ ಅಂದ್ರ ಎರಡೂಮುಕ್ಕಾಲು. ಹೆಚ್ಚಿಲ್ಲ, ಕಮ್ಮಿಲ್ಲ” ಎಂದು ಉಸ್ತಾದ್ ಹೇಳಿದ್ದರು. ದುರುಗಪ್ಪನ ಕೈಗೆ ಆ ಅಳತೆ ಎಷ್ಟು ಒಗ್ಗಿತ್ತೆಂದರೆ ಟೇಪು ಹಿಡಿಯದೆ ಗೋಡೆಗೆ ಗೆರೆ ಎಳೆದರೂ ಒಂದು ನೂಲು ತಪ್ಪುತ್ತಿರಲಿಲ್ಲ.

ಮನೆಗೆ ಬಂದ ದಿನ ಗದ್ದೆಮ್ಮ ವಾಕರ್ ಹಿಡಿದುಕೊಂಡೇ ಅಡುಗೆಮನೆಗೆ ಹೋಗಿ ಆ ಕಲ್ಲಿನ ಮೇಲೆ ಅಂಗೈ ಆಡಿಸಿದ್ದಳು. “ಮಾರಿ ಕಾಣಸ್ತೈತಲ್ರಿ ಇದ್ರಾಗ!” ಎಂದು ಬಾಗಿ ನೋಡಿ ಸೆರಗು ಸರಿಮಾಡಿಕೊಂಡಿದ್ದಳು. ದುರುಗಪ್ಪ ಎರಡು ದಿನ ನೆಲದ ಮೇಲೆ ಕಾಲಿಟ್ಟಿರಲಿಲ್ಲ.

ಅಂಥ ಕಟ್ಟೆಯ ಮುಂದೆ ಈಗ ಅವಳು ಸೋತು ನಿಂತಿದ್ದಳು. ಆ ದಿನ ಕೈ ತೊಳೆದುಕೊಂಡವಳೇ ಲಿಂಗಸುಗೂರಿನಲ್ಲಿದ್ದ ಮೇಘಾಗೆ ಫೋನು ಹಚ್ಚಿ, “ಅಡಗಿಗೆ ಒಬ್ಬಾಕಿನ್ನ ನೋಡೀನಿ ಅಂದಿದ್ದಿಯಲ್ಲ, ಒಂದನೇ ತಾರೀಖಿಂದ ಬಾ ಅಂತ ಹೇಳವ್ವ ಆಕಿಗೆ” ಎಂದಳು. ಅವಳ ದನಿ ನಡುಗಲಿಲ್ಲ. ಆದರೆ ಫೋನಿಟ್ಟ ಮೇಲೆ ತನ್ನ ಅಂಗೈಗಳನ್ನು ತಿರುವಿ ಮುರುವಿ ನೋಡಿಕೊಂಡಳು. ಒಂದನೇ ತಾರೀಖಿಗೆ ಹನ್ನೆರಡು ದಿನ ಉಳಿದಿತ್ತು.

ಅಡುಗೆಮನೆ ಕೈಬಿಟ್ಟವಳು ಸುಮ್ಮನೆ ಕೂಡಲಿಲ್ಲ, ಹಿತ್ತಲಿಗೆ ಇಳಿದಳು. ಆಪರೇಶನ್ ಆದಾಗಿನಿಂದ ನಾಲ್ಕು ತಿಂಗಳಲ್ಲಿ ಹಿತ್ತಲು ಅಡವಿಯಾಗಿತ್ತು. ಪುಂಡಿಪಲ್ಯ ಆಳೆತ್ತರ ಬೆಳೆದು ಒಣಗಿತ್ತು. ಹೀರೆಬಳ್ಳಿ ಹಂದರದ ಸಮೇತ ನೆಲಕ್ಕೆ ಮಲಗಿತ್ತು. ಮೆಂತ್ಯ, ಸಬ್ಬಸಿಗೆ ಹಾಕುತ್ತಿದ್ದ ಮಡಿಗಳ ತುಂಬ ಕರಿಕೆ ಹುಲ್ಲು ಹಬ್ಬಿ, ನಡುನಡುವೆ ಜಾಲಿಯ ಸಸಿಗಳು ಮುಳ್ಳು ತೋರಿಸುತ್ತಿದ್ದವು. ದುರುಗಪ್ಪ ದಿನಾ ನೀರು ಬಿಟ್ಟದ್ದೇನೋ ನಿಜ, ಆದರೆ ಯಾವುದಕ್ಕೆ ಬಿಡುತ್ತಿದ್ದೇನೆಂದು ನೋಡುವ ಗೋಜಿಗೆ ಹೋಗಿರಲಿಲ್ಲ.

ಮೊದಲ ದಿನ ಅವಳು ಕೋಲೂರಿಕೊಂಡು ಒಂದು ಸುತ್ತು ಹಾಕಿ ಬಂದಳು. ಮರುದಿನ ಬೆಳಿಗ್ಗೆ, “ನನ್ನ ಎದಿ ಮಟ್ಟ ಒಂದು ಬಿದರು ಕೊಯ್ದು ಕೊಡ್ರಿ” ಎಂದಳು. ಅಟ್ಟಣಿಗೆ ಕಟ್ಟಲು ಇಟ್ಟಿದ್ದ ಬಿದಿರಿನಲ್ಲಿ ಒಂದು ತುಂಡು ಕೊಟ್ಟು ಅವನು ಕೆಲಸಕ್ಕೆ ಹೋದ. ಸಂಜೆ ಬಂದು ನೋಡಿದರೆ, ಕುಳಿತು ಕಳೆ ತೆಗೆಯುವ ಕುರ್ಚಿಗೆಯನ್ನು ಆ ಬಿದಿರಿನ ತುದಿಗೆ ತಂತಿಯಿಂದ ಬಿಗಿದು, ನಿಂತಲ್ಲಿಂದಲೇ ಎರಡು ಮಡಿಯ ಕರಿಕೆ ಎಳೆದು ಹಾಕಿದ್ದಳು. ಬೆವರು ಒರೆಸಿಕೊಳ್ಳುತ್ತ ನಿಂತವಳ ಮುಖದಲ್ಲಿ ಅಡುಗೆಮನೆಯ ಕಳೆಗುಂದಿದ ಗದ್ದೆಮ್ಮ ಇರಲಿಲ್ಲ.

“ಡಾಕ್ಟರು ಕುಕ್ಕರುಗಾಲಿಲೆ ಕುಂದ್ರಬ್ಯಾಡ ಅಂದಾರ. ಕುಂತಿಲ್ಲ ನೋಡ್ರಿ,” ಎಂದಳು.

ಬಿತ್ತುವುದು ಹೇಗೆಂದು ದುರುಗಪ್ಪ ಕೇಳಬೇಕೆಂದುಕೊಂಡಿದ್ದ. ಕೇಳುವ ಮೊದಲೇ ಅವಳು ದಾರಿ ಹುಡುಕಿಕೊಂಡಿದ್ದಳು. ಮನೆಯ ನಳಕ್ಕೆ ಹಾಕಿ ಉಳಿದಿದ್ದ ಪೈಪಿನ ತುಂಡನ್ನು ಒಂದು ಕೈಯಲ್ಲಿ ಹಿಡಿದು, ಕೆಳತುದಿಯನ್ನು ಸಾಲಿನಲ್ಲಿ ಊರಿ, ಮೇಲಿನಿಂದ ಚವಳಿಕಾಯಿಯ ಬೀಜವನ್ನು ಒಂದೊಂದೇ ಬಿಡುತ್ತ ಹೋದಳು. ಸಂತೆಕಲ್ಲೂರಿನ ಅವಳ ತವರು ಒಣಬೇಸಾಯದ ಮನೆ. ಕೂರಿಗೆಯ ಹಿಂದೆ ನಡೆಯುತ್ತ ಕೊಳವೆಯಲ್ಲಿ ಬೀಜ ಬಿಡುವುದು ಅವಳಿಗೆ ಹತ್ತು ವರ್ಷದವಳಿದ್ದಾಗಲೇ ಬಂದ ವಿದ್ಯೆ. ಎಲ್ಲಿಯ ಕೂರಿಗೆ, ಎಲ್ಲಿಯ ನೀರಿನ ಪೈಪು! ದುರುಗಪ್ಪ ಚೀಲ ಇಳಿಸುವುದನ್ನೂ ಮರೆತು ನೋಡುತ್ತ ನಿಂತ. ಹೆಂಡತಿಯ ಮೇಲೆ ಅವನಿಗೆ ಪ್ರೀತಿ ಮೊದಲಿನಿಂದಲೂ ಇತ್ತು. ಹೀಗೆ ಬೆರಗಾಗಿ ನೋಡಿದ್ದು ಇದೇ ಮೊದಲು.

ಭಾನುವಾರ ಅವನಿಗೆ ಕೆಲಸವಿರಲಿಲ್ಲ. ನುಗ್ಗೆಮರದ ಕೆಳಗೆ, ಎಮ್ಮೆ ಇದ್ದ ಕಾಲದಲ್ಲಿ ನೀರಿಗೆಂದು ಕಲ್ಲುಗಳ ಮೇಲೆ ಏರಿಸಿಟ್ಟ ಒಂದು ಬಾನಿ ಇತ್ತು. ಸೀಳು ಬಿಟ್ಟ ಆ ಕಲ್ಲುಬಾನಿಯಲ್ಲಿ ಕೊತ್ತಂಬರಿ, ಮೆಂತ್ಯ ಹಾಕಿದರೆ ನಿಂತೇ ಚಿವುಟಿಕೊಳ್ಳಬಹುದು ಎನ್ನುವುದು ಗದ್ದೆಮ್ಮನ ಹೊಸ ಯೋಚನೆ. ಅವನು ಎರಡು ಬುಟ್ಟಿ ಕರಿಮಣ್ಣು, ಒಂದು ಬುಟ್ಟಿ ಗೊಬ್ಬರ ತಂದು ಸುರಿದ. ಚಹಾದ ಲೋಟ ಹಿಡಿದು ಗೋಡೆಗೊರಗಿ ಕುಳಿತ.

ಅವಳು ಸೆರಗು ಸಿಕ್ಕಿಸಿ, ಎರಡೂ ಕೈಯನ್ನು ಬಾನಿಗೆ ಇಳಿಸಿದಳು. ಬಿಸಿಲಿಗೆ ಒಣಗಿದ ಕರಿಮಣ್ಣಿನ ಹೆಂಟೆ ಎಂದರೆ ಗುದ್ದಲಿಗೂ ಬಗ್ಗುವುದಿಲ್ಲ. ಆದರೆ ಅವಳು ಸ್ವಲ್ಪ ನೀರು ಚಿಮುಕಿಸಿ, ಅಂಗೈಯ ಬುಡದಿಂದ ಒತ್ತಿದಳು, ಮಡಚಿದಳು, ಮತ್ತೆ ಒತ್ತಿದಳು. ಹೆಂಟೆಗಳು ಪುಡಿಯಾಗಿ ಗೊಬ್ಬರದೊಳಗೆ ಕೂಡಿಕೊಂಡವು. ಹೆಗಲುಗಳು ಇಳಿದು ಹಗುರಾಗಿದ್ದವು. ಹಿಮ್ಮಡಿಗಳು ನೆಲಕ್ಕೆ ಊರಿದ್ದವು. ಮೈಯ ಭಾರವೆಲ್ಲ ಬೆನ್ನಿನಿಂದ ರಟ್ಟೆಗೆ, ರಟ್ಟೆಯಿಂದ ಅಂಗೈಗೆ ಇಳಿಯುತ್ತಿತ್ತು. ರಟ್ಟೆಯಲ್ಲಿ ಕಸುವಿಲ್ಲ ಎಂದವಳ ರಟ್ಟೆ ಅದು!

ದುರುಗಪ್ಪ ಲೋಟ ಕೆಳಗಿಟ್ಟ. ಜೇಬಿನಿಂದ ಟೇಪು ತೆಗೆದು, ಎದ್ದು ಹೋಗಿ ನೆಲದಿಂದ ಬಾನಿಯ ಅಂಚಿನತನಕ ಹಿಡಿದ. ಎರಡು ಫೂಟು ಎರಡು ಇಂಚು.

“ಏನ್ರಿ, ಬಾನಿ ಮಾರಾಕತ್ತೀರೇನು?” ಎಂದು ಅವಳು ನಕ್ಕಳು.

“ನಿನ್ನ ರಟ್ಟಿಗೆ ಏನೂ ಆಗಿಲ್ಲ, ಗದ್ದೆವ್ವಾ. ನನ್ನ ಕಟ್ಟಿ ಎತ್ತರ ಆಗೈತಿ.”

ಅವಳ ಕೈ ಮಣ್ಣಿನಲ್ಲೇ ನಿಂತಿತು. ಅವಳಿಗೆ ಆಶ್ಚರ್ಯವಾಗಲಿಲ್ಲ ಎನ್ನುವುದು ಅವನಿಗೆ ತಿಳಿಯಿತು.

“ನಿನಗ ಗೊತ್ತಿತ್ತೇನು?”

“ಮೊದಲನೇ ದಿನಾನ ಅನಿಸಿತ್ರಿ,” ಎಂದಳು. “ಆದ್ರ ನೀವು ಮೂವತ್ತು ವರ್ಷದ ಗೌಂಡಿ. ನಿಮ್ಮ ಅಳತಿ ತಪ್ತೈತೇನು? ನಂದಾ ತಪ್ಪಿರಬೇಕು ಅನ್ಕೊಂಡೆ.”

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ದುರುಗಪ್ಪ ಜಗಳ ತೆಗೆದು ಹಗುರಾಗುತ್ತಿದ್ದ. ನಾಚಿಕೆಯಿಂದ ಅವನ ಮುಖ ಸಣ್ಣದಾಯಿತು. ಹದಿನೈದು ದಿನ ಇವಳು ತನ್ನ ಕೈಯನ್ನು ತಾನೇ ಬೈದುಕೊಂಡಿದ್ದಾಳೆ, ತಾನು ಬಾಗಿಲಲ್ಲಿ ನಿಂತು ಸಮಾಧಾನ ಹೇಳಿದ್ದೇನೆ. ಅವನು ಒಳಗೆ ಹೋಗಿ ಸುತ್ತಿಗೆ, ಉಳಿ ತೆಗೆದ. ಕಟ್ಟೆಗೆ ಬಿದ್ದ ಮೊದಲ ಪೆಟ್ಟಿನ ಶಬ್ದಕ್ಕೆ ಗದ್ದೆಮ್ಮ ಮಣ್ಣುಗೈಯಲ್ಲೇ ಧಾವಿಸಿ ಬಂದಳು. ನಾಲ್ಕು ತಿಂಗಳಲ್ಲಿ ಅವಳು ಅಷ್ಟು ಬಿರುಸಾಗಿ ನಡೆದದ್ದು ಅದೇ ಮೊದಲು.

“ಅಯ್ಯ, ಒಡೀಬ್ಯಾಡ್ರಿ! ಒಂದು ಕಟಗಿ ಮಣಿ ಹಾಕಿ ಕೊಡ್ರಿ, ಅದರ ಮ್ಯಾಲ ನಿಂದರ್ತೀನಿ.”

“ಹೊಸಾ ಮೊಣಕಾಲು ಹಾಕಿಸ್ಕೊಂಡು ಮಣಿ ಹತ್ತಿ ಇಳೀತೀಯೇನು? ಜಾರಿ ಬಿದ್ರ ಯಾವ ಡಾಕ್ಟರು ಬರ್ತಾನ? ಸರಿ ಆಕಡಿ.”

ಒಲೆ ಇದ್ದ ಬದಿಯನ್ನು ಹಾಗೇ ಉಳಿಸಿ, ಇನ್ನೊಂದು ಬದಿಯ ಮೂರು ಫೂಟು ಉದ್ದವನ್ನು ಕತ್ತರಿಸಿ ಬಾನಿಯ ಮಟ್ಟಕ್ಕೆ ಇಳಿಸಿದ. ಕಲ್ಲು ಕೂಡಿಸುವ ಮುಂಚೆ ಗದ್ದೆಮ್ಮನನ್ನು ನಿಲ್ಲಿಸಿ ಇನ್ನೊಮ್ಮೆ ಅಳತೆ ನೋಡಿದ. ಪರಾತದ ಅಂಚು ಅಡ್ಡ ಬರುತ್ತದೆಂದು ಅವಳು ಇನ್ನೂ ಅರ್ಧ ಇಂಚು ತೆಗೆಸಿದಳು. “ಇನ್ನ ಸ್ವಲ್ಪ. ಹಾಂ. ಅಲ್ಲಿಗೇ ನಿಲ್ಲಿಸ್ರಿ,” ಎಂದು ಹೇಳುವಾಗ ಅವಳ ದನಿಯಲ್ಲಿ ಯಜಮಾನಿಕೆ ಮರಳಿತ್ತು. ದುರುಗಪ್ಪ ಬಾಯಿ ಮುಚ್ಚಿಕೊಂಡು ಹೇಳಿದಷ್ಟು ಮಾಡಿದ. ಮೂವತ್ತು ವರ್ಷದಲ್ಲಿ ಅಂಥ ಮೇಸ್ತ್ರಿ ಅವನಿಗೆ ಸಿಕ್ಕಿರಲಿಲ್ಲ.

ಕಟ್ಟೆಗೆ ಮೂರು ದಿನ ನೀರುಣಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಅವಳು ಹಿಟ್ಟಿಗೆ ಎಸರು ಹಾಕಿದಳು. ದುರುಗಪ್ಪ ಅಂಗಳದಲ್ಲಿ ಹಲ್ಲುಜ್ಜುವ ನೆವದಲ್ಲಿ ಕಿವಿಗೊಟ್ಟು ನಿಂತಿದ್ದ. ಮೊದಲು ಅಳುಕಿದ ಎರಡು ಬಡಿತ ಕೇಳಿದವು. ಆಮೇಲೆ ಬಡಿತಕ್ಕೆ ಬಡಿತ ಸೇರಿ, ತಪ್ಪದೆ, ತಡೆಯದೆ, ಓಣಿಯೆಲ್ಲ ಕೇಳುವಂತೆ ಸಾಗಿತು. ಹಂಚಿಗೆ ಬಿದ್ದ ರೊಟ್ಟಿ ಉಬ್ಬಿದ ವಾಸನೆ ಹೊರಗೆ ಬಂತು. ಅವನ ಕಣ್ಣು ಒದ್ದೆಯಾಯಿತು. ಬಾಯಲ್ಲಿದ್ದ ಹಲ್ಲುಪುಡಿಯನ್ನು ಉಗುಳಲಾರದೆ ಹಾಗೇ ನಿಂತ.

ಪಕ್ಕದ ಮನೆಯ ಜಮೀಲಾಬೀ ಸದ್ದು ಕೇಳಿಯೇ ಓಡಿ ಬಂದಳು. “ಏ ಗದ್ದೆಮ್ಮಕ್ಕಾ, ಎದ್ಯಾ ಮತ್ತ!” ಎನ್ನುತ್ತ ಒಳಗೆ ಹೋದವಳಿಗೆ ಗದ್ದೆಮ್ಮ ಒಂದು ಬಿಸಿ ರೊಟ್ಟಿ ಕೈಗಿಟ್ಟಳು. ಎರಡನೆಯ ಕೆಲಸವೆಂದರೆ ಮೇಘಾಗೆ ಫೋನು. “ಆಕಿಗೆ ಬರಬ್ಯಾಡ ಅಂತ ಹೇಳವ್ವ. ಹೌದು, ನಾನಾ ಬಡದೀನಿ. ಹದಿನೆಂಟು.”

ಜಮೀಲಾಬೀ ಇಳಿಸಿದ ಕಟ್ಟೆಯನ್ನು ಸವರಿ ನೋಡಿದಳು. ತಾನೂ ಅದರ ಮುಂದೆ ನಿಂತು ನೋಡಿ, ಬಾಗಿಲಿಗೆ ಬಂದ ದುರುಗಪ್ಪನ ಕಡೆ ತಿರುಗಿದಳು. “ಅಣ್ಣಾ, ನಮ್ಮ ಮನಿ ಕಟ್ಟಿನೂ ನೀವಾ ಕಟ್ಟಿದ್ದು. ಹತ್ತು ವರ್ಷ ಆತು. ನಾ ಈಗಲೂ ನೆಲದ ಮ್ಯಾಲ ಕುಂತಾ ಬಡೀತೀನಿ. ಕಟ್ಟಿ ಮ್ಯಾಲ ಡಬ್ಬಿ ಜೋಡಿಸೀನಿ.”

“ಮದಲಾ ಯಾಕ ಹೇಳ್ಲಿಲ್ಲ?”

“ನೀವೆಲ್ಲಿ ಕೇಳಿದ್ರಿ?” ಎಂದು ಜಮೀಲಾಬೀ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ದುರುಗಪ್ಪ ಬೈಕು ಹತ್ತಿ ಕೆಲಸಕ್ಕೆ ಹೊರಟ.

ಆ ವಾರ ಅವನ ಕೆಲಸ ಸಿಂಧನೂರಿನ ಹತ್ತಿರದ ಗೊರೇಬಾಳದಲ್ಲಿತ್ತು. ವೀರೇಶ ಎಂಬವನ ಹೊಸ ಮನೆ. ಕಾಲುವೆ ನೀರಿನ ಗದ್ದೆ ಹಿಂಗೋಡೆಯವರೆಗೂ ಹಸಿರಾಗಿತ್ತು. ಅಡುಗೆಮನೆಯ ಗೋಡೆಗೆ ಗೆರೆ ಎಳೆಯುವ ದಿನ ಅಂದು. ದುರುಗಪ್ಪ ಪೆನ್ಸಿಲು ಹಿಡಿದು ಗೋಡೆಯ ಮುಂದೆ ನಿಂತ. ಕೈ ತಾನಾಗಿಯೇ ಎರಡೂಮುಕ್ಕಾಲಿಗೆ ಏರಿತು. ಅವನು ಅದನ್ನು ಇಳಿಸಿಕೊಂಡ.

“ಮನಿಯವರನ್ನ ಒಂದೀಟು ಕರೀರಿ,” ಎಂದ.

“ಆಕಿ ಯಾಕಣ್ಣಾ?” ಎಂದ ವೀರೇಶ. “ಎಲ್ಲರ ಮನ್ಯಾಗ ಹಾಕಿದ್ದಾ ಹಾಕಿಬಿಡು.”

“ಕರೀರಿ. ಅವರು ಬರೋತನಕ ನಾ ಗೆರಿ ಎಳೆಂಗಿಲ್ಲ.”

ವೀರೇಶನ ಹೆಂಡತಿ ರೇಣುಕಾದೇವಿ ಹಳೆಯ ಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ಸಿಮೆಂಟಿನ ಚೀಲ ದಾಟಿ ಒಳಗೆ ಬಂದು, ಏನು ತಪ್ಪಾಯಿತೋ ಎಂಬಂತೆ ಗಂಡನ ಮುಖ ನೋಡಿದಳು.

“ಅಕ್ಕಾರ, ಇಲ್ಲಿ ಗ್ವಾಡಿ ಮುಂದ ನಿಂದರ್ರಿ,” ಎಂದ ದುರುಗಪ್ಪ. “ಹಂಗಾ ಒಂದು ರೊಟ್ಟಿ ಬಡೀರಿ.”

“ಹಿಟ್ಟೆಲ್ಲಿ ಐತ್ರಿ?” ಎಂದು ಅವಳು ನಕ್ಕಳು.

“ಐತಿ ಅನ್ಕೊಳ್ರಿ. ನಿಮ್ಮ ಕೈಗೆ ಎಲ್ಲಿ ಹಗುರ ಆಕ್ಕೈತೋ ಅಲ್ಲಿ ಬಡೀರಿ.”

ರೇಣುಕಾದೇವಿ ಗಂಡನ ಕಡೆ ಮತ್ತೊಮ್ಮೆ ನೋಡಿದಳು. ಆಮೇಲೆ ನೋಡಲಿಲ್ಲ. ಬಳೆಗಳನ್ನು ಮೇಲಕ್ಕೆ ಸರಿಸಿ, ಹಸಿ ಗೋಡೆಯ ಮುಂದೆ ಕಾಲೂರಿ ನಿಂತು, ಖಾಲಿ ಗಾಳಿಯಲ್ಲಿ ಅಂಗೈ ಆಡಿಸತೊಡಗಿದಳು. ಮೊದಲು ನಾಚುತ್ತ, ಆಮೇಲೆ ಕಣ್ಣು ಮುಚ್ಚಿ, ದುಂಡಗೆ, ನಿಧಾನವಾಗಿ. ದುರುಗಪ್ಪ ಟೇಪಿನ ತುದಿಯನ್ನು ನೆಲಕ್ಕೆ ಹಚ್ಚಿ, ಅವಳ ಕೈಯ ಕೆಳಗೆ ಮೊಣಕಾಲೂರಿ ಕುಳಿತ.