ಹಳೇ ಮಡಕೆ, ಹೊಸ ಮಡಕೆ

“ಕೆಳಗಿಡ್ರೋ ಅದನ್ನ! ನೀಚೇ ರಖೋ!”

ವಾಸಂತಿ ಗಂಡನ ತಲೆಯ ಬಳಿಯಿಂದ ದಡಕ್ಕನೆ ಎದ್ದು ಬಂದರು. ಹಜಾರದಲ್ಲಿ ಚಂದ್ರಮೋಹನರನ್ನು ಚಾಪೆಯ ಮೇಲೆ ಮಲಗಿಸಿದ್ದರು. ಹೂವಿನ ಹಾರ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲೇ ಕಿತ್ತಳೆ ಬಣ್ಣದ ಟೀ ಶರ್ಟು ತೊಟ್ಟ ಇಬ್ಬರು ಆಳುಗಳು ಅಡುಗೆಮನೆಗೆ ನುಗ್ಗಿ, ಮೂಲೆಯಲ್ಲಿದ್ದ ಹಳೇ ಮಡಕೆಯನ್ನು ಮಿರಮಿರ ಮಿಂಚುವ ಬಟ್ಟೆಯಲ್ಲಿ ಸುತ್ತುತ್ತಿದ್ದರು. ಅವರ ಬೆನ್ನ ಮೇಲೆ ‘ಸರೂಪಗಢ ನಗರಪಾಲಿಕೆಗೆ ನೂರು ವರ್ಷ’ ಎಂದು ಹಿಂದಿಯಲ್ಲಿ ಬರೆದಿತ್ತು.

“ಅಮ್ಮಾ, ನಾನೇ ತೊಗೊಂಡು ಹೋಗಿ ಅಂದಿದ್ದು,” ಎಂದು ಮಗ ಪ್ರಜ್ವಲ್ ದನಿ ತಗ್ಗಿಸಿ ಹೇಳಿದ. “ಶತಾಬ್ದಿ ಮ್ಯೂಸಿಯಂನಲ್ಲಿ ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ. ಪಕ್ಕದಲ್ಲಿ ಅಪ್ಪನ ಫೋಟೋ, ಹೆಸರು. ಇವತ್ತು ಸಂಜೆ ಕಾರಂಜಿ ಉದ್ಘಾಟನೆ ಇದೆಯಲ್ಲ, ಅಲ್ಲೇ ಎಲ್ಲರಿಗೂ ತೋರಿಸ್ತಾರೆ. ಸುನೇಜಾ ಅಂಕಲ್‌ಗೆ ಮಾತು ಕೊಟ್ಟಿದ್ದೀನಿ.”

“ನಿಮ್ಮಪ್ಪನ್ನ ಇನ್ನೂ ಎತ್ತಿಲ್ಲ. ಆಗಲೇ ಮನೆ ಹಂಚೋಕೆ ಕೂತ್ಯಾ?”

ಸುನೇಜಾ ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಬಸ್ ಸ್ಟ್ಯಾಂಡಿನ ಎದುರಿನ ಮಿಠಾಯಿ ಅಂಗಡಿ ಅವನದು. ಶತಾಬ್ದಿ ಸಮಿತಿಯ ಅಧ್ಯಕ್ಷನೂ ಅವನೇ. ಅವನ ಹಿಂದೆ ಒಬ್ಬ ಕ್ಯಾಮೆರಾದವನು.

“ಮಾತಾಜಿ, ಬಾಬೂಜಿ ಈ ಊರಿನ ರತ್ನ,” ಎಂದು ಅವನು ಹಿಂದಿಯಲ್ಲಿ ರಾಗ ಎಳೆದ. “ಎಷ್ಟು ಜನಕ್ಕೆ ನೀರು ಕುಡಿಸಿದರು! ಹೊಸ ಕಾರಂಜಿಗೂ ಅವರ ಹೆಸರೇ ಇಡುತ್ತೇವೆ.”

“ಯಾವ ಕಾರಂಜಿ? ಅವರ ಅರವಟ್ಟಿಗೆ ಕೆಡವಿ ಕಟ್ಟಿದ್ದೀರಲ್ಲ, ಅದಾ?”

ಸುನೇಜಾ ಮುಗಿದ ಕೈಯನ್ನು ಹಾಗೇ ಹಿಡಿದುಕೊಂಡ. ಕ್ಯಾಮೆರಾದವನು ಮೆಲ್ಲಗೆ ಕ್ಯಾಮೆರಾ ಇಳಿಸಿದ.

“ಅಮ್ಮಾ, ಪ್ಲೀಸ್,” ಎಂದ ಪ್ರಜ್ವಲ್. “ಸ್ಕೂಲಲ್ಲಿ ನನ್ನ ಪಾನೀವಾಲೇ ಕಾ ಬೇಟಾ, ನೀರಿನವನ ಮಗ ಅಂತ ಕರೀತಿದ್ರು. ಈಗ ಅದೇ ಊರು ಅಪ್ಪನಿಗೆ ಮರ್ಯಾದೆ ಕೊಡ್ತಿದೆ. ಅದನ್ನೂ ಬೇಡ ಅಂತೀಯಾ?”

ವಾಸಂತಿ ಆಳುಗಳ ಕೈಯಿಂದ ಮಡಕೆ ಕಿತ್ತುಕೊಂಡು ಹೋಗಿ ಗಂಡನ ಕಾಲ ಬಳಿ ಇಟ್ಟು, ಅದರ ಪಕ್ಕ ತಾವೂ ಕೂತುಬಿಟ್ಟರು.

*

ಆ ಅರವಟ್ಟಿಗೆ ಹುಟ್ಟಿದ್ದು ಪುಣ್ಯಕ್ಕಲ್ಲ, ಹಟಕ್ಕೆ.

ಚಂದ್ರಮೋಹನ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತ. ದೆಹಲಿಯೊಳಗೆ ಮನೆ ಮಾಡುವ ಶಕ್ತಿಯಿಲ್ಲದೆ, ದ್ವಾರಕಾ ಬಡಾವಣೆ ದಾಟಿ ಹರಿಯಾಣದ ಅಂಚಿಗಿರುವ ಈ ಸರೂಪಗಢದಲ್ಲಿ ಸೈಟು ನೋಡಲು ಬಂದ ಮೊದಲ ದಿನ ಮೇ ತಿಂಗಳ ಬಿಸಿಗಾಳಿ ಬೀಸುತ್ತಿತ್ತು. ಬಸ್ಸಿಳಿದು ಎದುರಿನ ಮಿಠಾಯಿ ಅಂಗಡಿಗೆ ಹೋಗಿ ಒಂದು ಲೋಟ ನೀರು ಕೇಳಿದ. ಗಲ್ಲಾದಲ್ಲಿ ಕೂತಿದ್ದ ಸುನೇಜಾನ ಅಪ್ಪ ಮೇಲಿಂದ ಕೆಳಗೆ ನೋಡಿ, “ಮೊದಲು ಜಿಲೇಬಿ ತೊಗೋ, ಆಮೇಲೆ ನೀರು,” ಅಂದಿದ್ದ.

ಅಷ್ಟೇ ಸಾಕಾಯಿತು. ಪಕ್ಕದಲ್ಲಿ ಮಾರಾಟಕ್ಕಿದ್ದ ಎಷ್ಟೋ ಸೈಟುಗಳಿದ್ದರೂ ಆ ಅಂಗಡಿಯ ನೇರ ಎದುರಿನದೇ ಬೇಕು ಎಂದು ಹಿಡಿದು ಕೂತ, ಕೊಂಡ. ಮನೆಗೆ ಬಾಗಿಲು ಕೂಡಿಸುವ ಮೊದಲೇ ರಸ್ತೆಯಾಚೆಯ ಬೇವಿನ ಮರದಡಿ ಒಂದು ತಗಡಿನ ಚಪ್ಪರ, ಮೂರು ಮಡಕೆ, ಉದ್ದ ಹಿಡಿಯ ತಾಮ್ರದ ಸೌಟು. ಊರವರು ಪ್ಯಾವೂ ಅಂದರು. ಅವನು ಅರವಟ್ಟಿಗೆ ಅಂತಲೇ ಅಂದ. ಅವನದೊಂದೇ ನಿಯಮ: ಬೊಗಸೆ ಹಿಡಿದವನ ಜಾತಿ ಕೇಳಬಾರದು, ಊರು ಕೇಳಬಾರದು, ಅವನಾಗಿ ತಲೆ ಅಲ್ಲಾಡಿಸಿ ಕೈ ಹಿಂದೆ ತೆಗೆಯುವವರೆಗೆ ಸುರಿಯುತ್ತಲೇ ಇರಬೇಕು.

ಸುರಿಯುವುದೇನೋ ಅವನೇ. ತುಂಬಿಸುವವರು ಯಾರು?

ಬೆಳಕು ಹರಿಯುವ ಮೊದಲು ನಲ್ಲಿ ಬರುತ್ತಿತ್ತು. ಪ್ರಜ್ವಲ್ ಹೊಟ್ಟೆಯಲ್ಲಿದ್ದಾಗಲೂ ವಾಸಂತಿಯೇ ಕೊಡ ಎತ್ತಿ ಸುರಿದದ್ದು. ಮಡಕೆ ಉಜ್ಜಿದ್ದು, ಸೋಸುವ ಬಟ್ಟೆ ಒಗೆದದ್ದು, ನೀರಿಗೆ ಎರಡು ಎಳೆ ಲಾವಂಚ ಹಾಕಿದ್ದು, ಎಲ್ಲಾ ಅವಳೇ. “ನಿಮ್ಮ ಹಟಕ್ಕೆ ನನ್ನ ಸೊಂಟ ಬಿದ್ದುಹೋಯ್ತು” ಎಂದು ದಿನಾ ಬೈದದ್ದೂ ಅವಳೇ. ಜನ ಮಾತ್ರ ಕೈ ಒರೆಸಿಕೊಳ್ಳುತ್ತಾ “ಬಾಬೂಜಿ, ನಿಮ್ಮ ಹೊಟ್ಟೆ ತಣ್ಣಗಿರಲಿ” ಎಂದು ಅವನನ್ನು ಹರಸುತ್ತಿದ್ದರು. ಅವನು ಒಂದು ದಿನವಾದರೂ ಮನೆಯ ಕಡೆ ಬೊಟ್ಟು ಮಾಡಿ ತೋರಿಸಲಿಲ್ಲ. ಅದನ್ನು ನೆನೆದರೆ ವಾಸಂತಿಯ ಮೈ ಈಗಲೂ ಉರಿಯುತ್ತದೆ.

*

“ಒಂದು ಹೊಸ ಮಡಕೆ ಬೇಕಲ್ಲ, ತಂದಿದ್ದೀರಾ?” ಎಂದು ದ್ವಾರಕಾದಿಂದ ಬಂದ ಪುರೋಹಿತರು ಕೇಳಿದರು.

ಪ್ರಜ್ವಲ್ ಬೆಳಗ್ಗೆಯೇ ತಂದು ಗೇಟಿನ ಬಳಿ ಇಟ್ಟಿದ್ದ. ಚಿತೆಯ ಸುತ್ತ ಮಗ ಅದನ್ನು ಹೆಗಲ ಮೇಲೆ ಹೊತ್ತು ಸುತ್ತಬೇಕು, ಸುತ್ತಿಗೊಂದು ತೂತು ಮಾಡಬೇಕು, ಕೊನೆಗೆ ಹಿಂದಕ್ಕೆ ಹಾಕಿ ಒಡೆಯಬೇಕು.

ಶವವಾಹನ ಬಂತು. ವಾಸಂತಿ ಎಲ್ಲರಿಗಿಂತ ಮೊದಲು ಹತ್ತಿ ಕೂತರು.

“ರೀ ವಾಸಂತಿ, ಹೆಂಗಸರು ಮಸಣಕ್ಕೆ ಹೋಗೋದುಂಟೇನ್ರೀ?” ಎಂದರು ದ್ವಾರಕಾದ ಗೆಳತಿ ಲೀಲಾವತಿ.

“ಇವರ ಜೊತೆ ಎಲ್ಲೆಲ್ಲಿಗೋ ಹೋಗಿದ್ದೀನಿ, ಇದೊಂದು ಉಳಿದಿತ್ತು.”

ಮಡಿಲಲ್ಲಿ ಸೆರಗು ಮುಚ್ಚಿ ಏನೋ ಹಿಡಿದಿದ್ದರು; ಹೊಸ ಮಡಕೆಯೇ ಇರಬೇಕೆಂದು ಯಾರೂ ಕೇಳಲಿಲ್ಲ. ಮೊಮ್ಮಗಳು ಪ್ರಕೃತಿ ಓಡಿಬಂದು ಪಕ್ಕ ಕೂತಳು. ಹಿಂದೆ ಸುನೇಜಾನ ಕಾರೂ ಹೊರಟಿತು. ಮಡಕೆಯ ಆಸೆ ಅವನಿಗೆ ಬಿಟ್ಟಿರಲಿಲ್ಲ.

ದಾರಿಯುದ್ದಕ್ಕೂ ನೂರರ ಸಂಭ್ರಮ. ಗೋಡೆಗಳಿಗೆಲ್ಲ ನವಿಲು ಬರೆಸಿದ್ದರು. ಕುಳಿತರೆ ಕುಂಡೆ ಸುಡುವ ಕಬ್ಬಿಣದ ಬೆಂಚು ಹಾಕಿಸಿದ್ದರು. ಶಾಲೆಯ ಮಕ್ಕಳ ಕೈಯಲ್ಲಿ ಸಾಲಾಗಿ ನೆಡಿಸಿದ ಸಸಿಗಳು ನೀರಿಲ್ಲದೆ ಕಡ್ಡಿಯಾಗಿದ್ದವು, ಪ್ರಾಯೋಜಕರ ಹೆಸರಿನ ಫಲಕ ಮಾತ್ರ ಗಟ್ಟಿಯಾಗಿ ನಿಂತಿತ್ತು.

“ಅಜ್ಜಿ, ಅರವಟ್ಟಿಗೆ ಕೆಡವೋಕೆ ಬಂದ ದಿನ ಅಜ್ಜ ಜೆಸಿಬಿ ಮುಂದೆ ಸಚ್ ಮೇ ಕೂತಿದ್ರಾ, ನಿಜವಾಗ್ಲೂ?” ಎಂದು ಪ್ರಕೃತಿ ಕೇಳಿದಳು.

“ಕೂತಿದ್ರು.”

“ಆಮೇಲೆ?”

“ಆಮೇಲೇನು, ನಿಮ್ಮಪ್ಪ ಬಂದು ಎತ್ಕೊಂಡು ಹೋದ. ಹಟ ಮಾಡಬೇಡಿ, ಜನ ವಿಡಿಯೋ ಮಾಡ್ತಿದ್ದಾರೆ ಅಂದ.”

*

ಬೇವಿನ ಮರವನ್ನು ಮೊದಲು ಕಡಿದರು. ಮೂರು ಮಡಕೆಗಳಲ್ಲಿ ಎರಡು ಜೆಸಿಬಿಯ ಹಲ್ಲಿಗೆ ಸಿಕ್ಕು ಚೂರಾದವು. ಉಳಿದೊಂದನ್ನು ವಾಸಂತಿ ಎದೆಗವಚಿಕೊಂಡು ಮನೆಗೆ ತಂದಿದ್ದಳು. ಅಂದಿನಿಂದ ಚಂದ್ರಮೋಹನ ವರಾಂಡದ ಕುರ್ಚಿಯಲ್ಲಿ ಕೂತು, ಎದುರಿಗೆ ಏಳುತ್ತಿದ್ದ ಕಾರಂಜಿಯನ್ನು ನೋಡುತ್ತಿದ್ದ. ಬಸ್ಸಿಳಿದವರು ಮರವಿದ್ದ ಜಾಗಕ್ಕೆ ಬಂದು, ಸುತ್ತ ನೋಡಿ, ಸುನೇಜಾನ ಅಂಗಡಿಗೆ ಹೋಗಿ ಬಾಟಲಿ ಕೊಳ್ಳುತ್ತಿದ್ದರು.

“ಗೆದ್ದುಬಿಟ್ಟ ಕಣೇ ಅವನು,” ಎಂದ ಒಂದು ಸಂಜೆ.

ವಾಸಂತಿಗೆ ಸಿಟ್ಟು ಬಂತು. “ಗೆಲ್ಲಲಿ ಬಿಡಿ. ನನ್ನ ಸೊಂಟಕ್ಕಾದರೂ ಸುಖ.”

ಅವನು ಕಾರಂಜಿಯಿಂದ ಕಣ್ಣು ತೆಗೆದು ಅವಳ ಕಡೆ ತಿರುಗಿದ. ಆಮೇಲೆ, “ನಿನ್ನ ನೀರಿಲ್ಲದೆ ನಂದೇನಿತ್ತು?” ಎಂದ.

ಇಷ್ಟು ವರ್ಷಕ್ಕೆ ಬಂದ ಮಾತು ಅದೊಂದೇ. ಅದೂ ಎಲ್ಲಾ ಮುಗಿದ ಮೇಲೆ. ವಾಸಂತಿ ಎದ್ದು ಒಳಗೆ ಹೋಗಿ ಪಾತ್ರೆಗಳನ್ನು ಸದ್ದು ಮಾಡುತ್ತಾ ತೊಳೆದಳು. ಆ ವಾರವೇ ಅವನು ನಿದ್ದೆಯಲ್ಲಿ ಹೋದ.

*

ಚಿತೆ ಸಿದ್ಧವಾಗಿತ್ತು. ಪುರೋಹಿತರು ಕೈಚಾಚಿದರು. ವಾಸಂತಿ ಸೆರಗು ತೆಗೆದರು: ಮನೆಯಲ್ಲೇ ನೀರು ತುಂಬಿ ತಂದ ಹಳೇ ಮಡಕೆ. ಕೈ ತಾಗಿ ಸವೆದು ಸವೆದು ಅದರ ಕಂಠ ನುಣ್ಣಗಾಗಿತ್ತು.

“ಇದಲ್ಲಮ್ಮಾ, ಹೊಸದು ಬೇಕು.”

“ಹೊಸದು ಮನೇಲಿದೆ. ಅವರಿಗೆ ಇದೇ ಆಗಬೇಕು.”

“ಶಾಸ್ತ್ರದಲ್ಲಿ...”

“ಶಾಸ್ತ್ರಿಗಳೇ, ನೀವೂ ಪ್ರತಿ ಸಲ ಬಸ್ಸಿಳಿದು ಇದರ ನೀರು ಕುಡಿದೇ ಬರ್ತಿದ್ರಿ. ಆಗ ಹಳೇದು ಅನ್ನಿಸಲಿಲ್ವಾ?”

ಪುರೋಹಿತರು ತಲೆ ತಗ್ಗಿಸಿದರು. ಸುನೇಜಾ ಮಾತ್ರ ಹಾರಿ ಮುಂದೆ ಬಂದ. “ಮಾತಾಜಿ, ಏನು ಮಾಡುತ್ತಿದ್ದೀರಿ? ಅದು ಊರಿನ ಆಸ್ತಿ! ಸಂಜೆ ವೇದಿಕೆ ಮೇಲೆ ಏನು ಇಡಲಿ? ಪ್ರಜ್ವಲ್ ಬೇಟಾ, ನೀನಾದರೂ ಹೇಳು!”

ಪ್ರಜ್ವಲ್ ಒದ್ದೆ ಪಂಚೆಯಲ್ಲಿ ನಿಂತು ಇಬ್ಬರನ್ನೂ ನೋಡಿದ.

“ಅಮ್ಮಾ, ಒಡೆದರೆ ಅಪ್ಪನದು ಅಂತ ಏನೂ ಉಳಿಯಲ್ಲ.”

“ಇವರ ಕೈಗೆ ಕೊಟ್ಟರೆ ಉಳಿಯುತ್ತಾ? ಒಣ ಮಡಕೆ, ಗಾಜಿನೊಳಗೆ! ಬಾಯಾರಿದವನು ಗಾಜು ನೆಕ್ಕಬೇಕಾ? ಆವತ್ತು ನಿಮ್ಮಪ್ಪನ್ನ ಎತ್ಕೊಂಡು ಹೋದೆಯಲ್ಲ, ಇವತ್ತು ಇದನ್ನ ಎತ್ಕೊ.”

ಪ್ರಜ್ವಲನ ಮುಖ ಕೆಂಪಾಯಿತು. ಬಗ್ಗಿ ಮಡಕೆಯನ್ನು ಎಡ ಹೆಗಲಿಗೇರಿಸಿಕೊಂಡ. ಮೊದಲ ತೂತಿಗೆ ನೀರು ಅವನ ಬೆನ್ನ ಮೇಲೆ ಇಳಿಯಿತು. ಲಾವಂಚದ ವಾಸನೆ ಹರಡಿತು. ಎರಡನೇ ಸುತ್ತಿಗೆ ಅವನು ಗಟ್ಟಿಯಾಗಿ ಅಳುತ್ತಿದ್ದ. ಮೂರನೆಯದು ಮುಗಿಸಿ, ತಿರುಗಿ ನೋಡದೆ, ಮಡಕೆಯನ್ನು ಹಿಂದಕ್ಕೆ ಬಿಟ್ಟ.

ಚೂರೊಂದು ಸುನೇಜಾನ ಬೂಟಿನ ಹತ್ತಿರ ಹೋಗಿ ಬಿತ್ತು.

*

ಸಂಜೆ ಐದಕ್ಕೂ ಬಿಸಿಲು ಇಳಿದಿರಲಿಲ್ಲ. ಕಾರಂಜಿಯ ಮುಂದೆ ಶಾಮಿಯಾನ, ಕುರ್ಚಿ, ಮೈಕು. ಕಾರಂಜಿಯ ಕಟ್ಟೆಗೆ ಒಂದು ಫಲಕ: ‘ಈ ನೀರು ಕುಡಿಯಲು ಯೋಗ್ಯವಲ್ಲ.’

ವಾಸಂತಿ ಗೇಟಿನ ಬಳಿಯ ಹೊಸ ಮಡಕೆಯನ್ನು ತೊಳೆದು ತುಂಬಿಸಿದರು.

“ಸೂತಕದ ಮನೇರೀ! ಈವತ್ತು ಹೊರಗೆ ಕಾಲಿಡ್ತೀರಾ?” ಎಂದು ಲೀಲಾವತಿ ಅಡ್ಡ ನಿಂತರು.

“ಅವರು ಒಂದು ದಿನವಾದರೂ ರಜಾ ಹಾಕಿದ್ರೇನ್ರೀ? ಪ್ರಜ್ವಲ್ ಹುಟ್ಟಿದ ದಿನಾನೂ ಅಲ್ಲೇ ನಿಂತಿದ್ರು. ಸರೀರಿ ಈ ಕಡೆ.”

ಮಡಕೆಯನ್ನು ಪ್ರಜ್ವಲ್ ಎತ್ತಿಕೊಂಡ. ಎತ್ತಿಕೋ ಎಂದು ಯಾರೂ ಹೇಳಿರಲಿಲ್ಲ. ರಸ್ತೆ ದಾಟಿ, ಕಡಿದ ಬೇವಿನ ಬೊಡ್ಡೆಯ ಮೇಲೆ ಇಟ್ಟು, ಪಕ್ಕಕ್ಕೆ ನಿಂತ. ವಾಸಂತಿ ತಾಮ್ರದ ಸೌಟು ಹಿಡಿದರು.

ಸುನೇಜಾ ಮೈಕಿನಲ್ಲಿ ಬಾಬೂಜಿಯನ್ನು ಹೊಗಳುತ್ತಿದ್ದವನು ನಿಲ್ಲಿಸಿದ. ಜನ ಎಲ್ಲಾ ಈ ಕಡೆ ತಿರುಗಿದ್ದರು, ಕ್ಯಾಮೆರಾ ಕೂಡ. ಅವನ ಬುದ್ಧಿ ಚುರುಕು. “ನೋಡಿ, ಮಾತಾಜಿಯೇ ಬಂದಿದ್ದಾರೆ!” ಎಂದು ಕೂಗಿ, ವೇದಿಕೆ ಇಳಿದು ಬಂದು, ಕ್ಯಾಮೆರಾದ ಕಡೆ ಮುಖ ಮಾಡಿ ಬಗ್ಗಿ ಬೊಗಸೆ ಹಿಡಿದ.

ವಾಸಂತಿ ಅವನ ಬೊಗಸೆ ನೋಡಿದರು. ಆಮೇಲೆ ಸುರಿದರು.

ಮೊದಲ ಸೌಟನ್ನು ಅವನು ನಗುತ್ತಾ ಕುಡಿದ. ಎರಡನೆಯದು ನೆತ್ತಿಗೇರಿತು. ಮೂರನೆಯದಕ್ಕೆ ಸಾಕು ಎಂದು ತಲೆ ಅಲ್ಲಾಡಿಸಿದ.

ವಾಸಂತಿ ನೋಡಲಿಲ್ಲ.

“ಬಸ್, ಮಾತಾಜಿ.”

ಸೌಟು ಏಳುತ್ತಿತ್ತು, ಇಳಿಯುತ್ತಿತ್ತು. ನೀರು ರೇಷ್ಮೆ ಕುರ್ತಾದ ತೋಳೊಳಗೆ ಹೋಯಿತು, ಎದೆಯ ಮೇಲಿನ ಶತಾಬ್ದಿ ಬ್ಯಾಡ್ಜಿನಿಂದ ತೊಟ್ಟಿಕ್ಕಿತು, ಬೂಟು ತುಂಬಿತು. ಅವನು ಹಿಂದೆ ಸರಿದಷ್ಟೂ ಸೌಟಿನ ಉದ್ದ ಹಿಡಿ ಅವನನ್ನು ಮುಟ್ಟುತ್ತಿತ್ತು. ಶಾಮಿಯಾನದಲ್ಲಿ ಯಾರೋ ಕಿಸಕ್ಕೆಂದರು.

“ಅಮ್ಮಾ, ಸಾಕು, ನೀರು ಮುಗೀತಿದೆ,” ಎಂದ ಪ್ರಜ್ವಲ್.

“ಮುಗಿದರೆ ತುಂಬಿಸು. ತುಂಬಿದ ಕೊಡ ನಲ್ಲಿ ಕೆಳಗಿದೆ.”

ಅವನು ರಸ್ತೆ ದಾಟಿ ಮನೆಯ ಕಡೆ ಓಡಿದ. ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತ್ತು. ಧೂಳು ಮೆತ್ತಿದ ಮುಖದ ಕಂಡಕ್ಟರ್ ಇಳಿದು ಬಂದು, ತೊಯ್ದು ನಿಂತ ಸುನೇಜಾನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಬಗ್ಗಿ, ಬೊಗಸೆ ಹಿಡಿದ.